ಹಂಪೆಯ ಕಲ್ಲೂ ಹಂಪೆಯ ಜನವೂ

ಹೋದ ತಿಂಗಳು ವಾರದ ರಜೆಯ ದಿನ ನಾವು 38 ಮಂದಿ ಬಸ್ಸೊಂದನ್ನು ಗೊತ್ತುಮಾಡಿಕೊಂಡು ಹಂಪೆಗೆ ಹೋಗಿ ಬಂದೆವು. ಗಿರಣಿಯವರಿದ್ದರು, ಪೇಟೆಯ ಕಿರಾಣಿ, ಬಳೆ, ಬಟ್ಟೆ ಅಂಗಡಿಯವರಿದ್ದರು, ಹೆಂಗಸರು ಮಕ್ಕಳಿದ್ದರು. ಬುತ್ತಿ ಮನೆಯಿಂದಲೇ ಕಟ್ಟಿದ್ದೆವು. ತಲೆಗಿಷ್ಟೆಂದು ವಂತಿಗೆ ಎತ್ತಿ, ಕೊಡಲಾರದವರ ಪಾಲನ್ನು ಕೊಡಬಲ್ಲವರು ತುಂಬಿ ಲೆಕ್ಕ ಸರಿಮಾಡಿದ್ದಾಯಿತು.

ಹೊರಡುವ ಹಿಂದಿನ ದಿನ ಪಕ್ಷದ ಕಚೇರಿಯಲ್ಲಿ ಸಂಗಾತಿಯೊಬ್ಬರು ನಮ್ಮನ್ನು ತಡೆದು ಕೇಳಿದರು: "ಅಲ್ಲ ಮೇಷ್ಟ್ರೇ, ಸಮಾಜವಾದಿಗಳಿಗೆ ಪಾಳು ಗುಡಿಗಳಲ್ಲಿ ಏನು ಕೆಲಸ? ಅರಸರು ಕಟ್ಟಿಸಿದರು, ಅರಸರೇ ಬಿಟ್ಟು ಓಡಿದರು. ಬೋನಸ್ಸಿನ ಮಾತು ಹಾಗೇ ಬಿದ್ದಿರುವಾಗ ಈ ಯಾತ್ರೆ ಯಾಕೆ?" ಅಂದು ಅವರಿಗೆ ನಾವು ಸರಿಯಾದ ಉತ್ತರ ಕೊಡಲಿಲ್ಲ. ನಕ್ಕು ಸುಮ್ಮನಾದೆವು. ಹೋಗಿ ಬಂದ ಮೇಲೆ ಉತ್ತರ ಸಿಕ್ಕಿದೆ. ಅದನ್ನು ಅವರೊಬ್ಬರಿಗೇ ಹೇಳದೆ ವಾಚಕರೆಲ್ಲರ ಮುಂದಿಡುತ್ತಿದ್ದೇವೆ.

ನಮ್ಮ ಮಾತು ಇಷ್ಟೇ. ಹಂಪೆಯನ್ನು ಕಾಪಾಡಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಂಪೆ ಎಂದರೆ ಅರಸರ ಹೆಸರು ಮತ್ತು ಕಲ್ಲಿನ ರಾಶಿ ಮಾತ್ರವಲ್ಲ. ಅದು ದುಡಿದವರ ಊರು, ಅಂಗಡಿ ಹಾಕಿ ಬಾಳಿದವರ ಊರು. ಕಲ್ಲನ್ನು ಕಾಪಾಡುವ ಹೆಸರಿನಲ್ಲಿ ಬದುಕಿರುವ ಜನರನ್ನು ಒಂದು ರಾತ್ರಿಯ ಸೂಚನೆಯಲ್ಲಿ ಎಬ್ಬಿಸುವುದು ನ್ಯಾಯವಲ್ಲ. ಇದು ಹಂಪೆಯಲ್ಲಿ ನಡೆದಿದೆ. ನಾಳೆ ನಮ್ಮ ಪೇಟೆಯಲ್ಲೂ ನಡೆಯಬಹುದು.

ಬಂಡೆಯ ಮೇಲಿನ ಕುಳಿಗಳು

ಮೊದಲು ವಿಠ್ಠಲ ದೇವಸ್ಥಾನಕ್ಕೆ ಹೋದೆವು. ಬಸ್ಸು ದೂರದಲ್ಲೇ ನಿಲ್ಲುತ್ತದೆ. ಅಲ್ಲಿಂದ ಮುಂದಕ್ಕೆ ಬ್ಯಾಟರಿ ಬಂಡಿ ಇದೆ. ವಯಸ್ಸಾದವರು ಬಂಡಿ ಹತ್ತಿದರು, ಉಳಿದವರು ನಡೆದೆವು. ದಾರಿಯ ಎರಡೂ ಕಡೆ ಹಳೆಯ ಬಜಾರಿನ ಕಲ್ಲುಕಂಬಗಳು ಸಾಲಾಗಿ ನಿಂತಿವೆ. ಪಕ್ಕದಲ್ಲಿ ಪುಷ್ಕರಣಿ. ಗುಡಿಯ ಒಳಗೆ ಹೋಗಲು ತಲೆಗೆ 40 ರೂಪಾಯಿ ಟಿಕೇಟು.

ಅಂಗಳದಲ್ಲಿ ಕಲ್ಲಿನ ರಥ ಕಂಡ ಕೂಡಲೇ ನಮ್ಮ ಬಳೆ ಅಂಗಡಿಯ ಯಜಮಾನರು ಜೇಬಿನಿಂದ 50 ರೂಪಾಯಿ ನೋಟು ತೆಗೆದು ಹಿಡಿದರು. 2017ರಲ್ಲಿ ಬಂದ ಹೊಸ ನೋಟಿನ ಹಿಂಬದಿಯಲ್ಲಿ ಇರುವುದು ಇದೇ ರಥ. ದಿನಕ್ಕೆ ಹತ್ತು ಸಲ ಕೈಯಲ್ಲಿ ಹಿಡಿದು ಎಣಿಸಿದವರು, ಅದು ಏನೆಂದು ಅಂದೇ ಮೊದಲು ನೋಡಿದ್ದು. ಇದು ಗರುಡನ ಗುಡಿ. ಮೇಲೆ ಇಟ್ಟಿಗೆಯ ಶಿಖರವೂ ಇತ್ತು. 1856ರಲ್ಲಿ ಗ್ರೀನ್‌ಲಾ ಎಂಬ ಇಂಗ್ಲಿಷ್ ಸೈನ್ಯಾಧಿಕಾರಿ ತೆಗೆದ ಛಾಯಾಚಿತ್ರದಲ್ಲಿ ಅದು ಕಾಣುತ್ತದೆ. ಆಮೇಲೆ ಅದನ್ನು ತೆಗೆದುಹಾಕಿದರು.

"ಒಂದೇ ಬಂಡೆಯಲ್ಲಿ ಕೊರೆದದ್ದು" ಎಂದು ಪಕ್ಕದ ಗುಂಪಿಗೆ ಯಾರೋ ಹೇಳುತ್ತಿದ್ದರು. ನಮ್ಮ ಜೊತೆಗೆ ರಿಂಗ್ ಫ್ರೇಮ್ ಖಾತೆಯ ಹಿರಿಯರೊಬ್ಬರಿದ್ದರು. ಅವರ ತಂದೆ ಕಲ್ಲು ಒಡೆದು ಬಾಳಿದವರು. ಅವರು ಬೇಲಿಯ ಆಚೆಯಿಂದಲೇ ಕಣ್ಣು ಕಿರಿದು ಮಾಡಿ ನೋಡಿ, "ಒಂದೇ ಕಲ್ಲಲ್ಲ ಮೇಷ್ಟ್ರೇ, ಕೂಡಿಸಿದ್ದು. ಆ ಚಕ್ರದ ಮೇಲೆ ಗೆರೆ ನೋಡ್ರಿ. ಹಂಗ ಕೂಡಿಸೋದೇ ಹೆಚ್ಚಿನ ಕೆಲಸ" ಎಂದರು. ಅವರ ಮಾತೇ ನಿಜ. ರಥ ಹಲವು ಕಲ್ಲುಗಳನ್ನು ಜೋಡಿಸಿ ಕಟ್ಟಿದ್ದು. ಒಂದೇ ಬಂಡೆ ಎಂದರೆ ಅದು ಪವಾಡವಾಗುತ್ತದೆ. ಹಲವು ಕಲ್ಲು ಎಂದರೆ ಅದು ಕೆಲಸವಾಗುತ್ತದೆ. ಜನರಿಗೆ ಪವಾಡ ಹೇಳುವುದು ಸುಲಭ, ಕೆಲಸ ತೋರಿಸುವುದಕ್ಕೆ ಕೆಲಸ ಗೊತ್ತಿರಬೇಕು.

ಹೊರಗೆ ಬಂದ ಮೇಲೆ ಅದೇ ಹಿರಿಯರು ಒಂದು ದೊಡ್ಡ ಬಂಡೆಯ ಹತ್ತಿರ ಮಕ್ಕಳನ್ನು ಕರೆದು ಕೂರಿಸಿದರು. ಬಂಡೆಯ ಮೈಮೇಲೆ ಒಂದೇ ಗೆರೆಯಲ್ಲಿ ಚೌಕದ ಕುಳಿಗಳು. ಕುಳಿಯಲ್ಲಿ ಒಣ ಮರದ ಬೆಣೆ ಬಡಿದು ನೀರು ಸುರಿಯುತ್ತಾರೆ. ಮರ ನೀರು ಕುಡಿದು ಉಬ್ಬುತ್ತದೆ, ಬಂಡೆ ಗೆರೆಯುದ್ದಕ್ಕೂ ಸೀಳುತ್ತದೆ. ಹಂಪೆಯ ತುಂಬ ಇಂಥ ಕುಳಿಗಳಿವೆ. ಕುಳಿ ಕೊರೆದು, ಏನೋ ಕಾರಣಕ್ಕೆ ಸೀಳದೆ ಬಿಟ್ಟ ಬಂಡೆಗಳೂ ಇವೆ. ಐದು ನೂರು ವರ್ಷದ ಹಿಂದೆ ಉಳಿ ಹಿಡಿದವನೊಬ್ಬ ಅರ್ಧಕ್ಕೆ ಎದ್ದು ಹೋದಂತೆ ಅವು ನಿಂತಿವೆ. ಈ ಕುಳಿಗಳ ಮುಂದೆ ಒಂದು ಫಲಕವೂ ನಮಗೆ ಕಾಣಲಿಲ್ಲ.

ಮಧ್ಯಾಹ್ನ ಅರಮನೆಯ ಆವರಣಕ್ಕೆ ಹೋದಾಗ ಇನ್ನೊಂದು ನೋಡಿದೆವು. ಮಹಾನವಮಿ ದಿಬ್ಬದ ಹತ್ತಿರ, ಮಣ್ಣಿನಲ್ಲಿ ಹೂತು ಹೋಗಿದ್ದ ಮೆಟ್ಟಿಲುಗಳ ಪುಷ್ಕರಣಿಯೊಂದನ್ನು 1980ರ ದಶಕದಲ್ಲಿ ಅಗೆದು ಹೊರತೆಗೆದರು. ಕರಿಕಲ್ಲಿನ ಮೆಟ್ಟಿಲುಗಳು ಇಂದಿಗೂ ಹಾಗೇ ಇವೆ. ಆ ಕಲ್ಲುಗಳ ಮೇಲೆ ಸಣ್ಣ ಗುರುತುಗಳಿವೆ. ಯಾವ ಕಲ್ಲು ಯಾವ ದಿಕ್ಕಿನಲ್ಲಿ, ಎಷ್ಟನೆಯ ಸಾಲಿನಲ್ಲಿ ಕೂರಬೇಕು ಎಂಬ ಲೆಕ್ಕ ಅದು. ಕಲ್ಲನ್ನು ಬೇರೆ ಕಡೆ ಕೊರೆದು, ಗುರುತು ಹಾಕಿ, ತಂದು ಇಲ್ಲಿ ಜೋಡಿಸಿದ್ದಾರೆ. ಗಿರಣಿಯಲ್ಲಿ ಬಾಬಿನ್ನಿಗೆ, ಗಂಟಿಗೆ ಗುರುತು ಹಾಕುವವರಿಗೆ ಇದನ್ನು ವಿವರಿಸಿ ಹೇಳಬೇಕಾಗಲಿಲ್ಲ.

ನಾವು ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲಿ ಮಕ್ಕಳಿಗೆ ಸಂಗಮ, ಸಾಳುವ, ತುಳುವ, ಅರವೀಡು ಎಂದು ನಾಲ್ಕು ವಂಶಗಳನ್ನು ಬಾಯಿಪಾಠ ಮಾಡಿಸಿದ್ದೇವೆ. 1336ಕ್ಕೆ ಸ್ಥಾಪನೆ, 1565ಕ್ಕೆ ಪತನ. ತಪ್ಪಿದವರನ್ನು ನಿಲ್ಲಿಸಿದ್ದೂ ಉಂಟು. ಈ ಕಲ್ಲು ಸೀಳಿದವರು ಯಾರು, ಅವರಿಗೆ ಕೂಲಿ ಏನು ಕೊಟ್ಟರು ಎಂದು ನಾವೂ ಕೇಳಲಿಲ್ಲ, ಮಕ್ಕಳಿಗೂ ಕೇಳಲು ಕಲಿಸಲಿಲ್ಲ. ಆ ತಪ್ಪು ನಮ್ಮದು.

ಕೆರೆಯ ಕತೆ

ಹಾಗೆಂದು ದುಡಿದವರ ಸುದ್ದಿಯೇ ಸಿಗುವುದಿಲ್ಲ ಎಂದಲ್ಲ. ಹುಡುಕಿದರೆ ಸಿಗುತ್ತದೆ. ಕೃಷ್ಣದೇವರಾಯನ ಕಾಲದಲ್ಲಿ, ಅಂದರೆ 1509ರಿಂದ 1529ರ ನಡುವೆ, ಪೋರ್ಚುಗೀಸರ ದೇಶದಿಂದ ಬಂದ ಡೊಮಿಂಗೊ ಪಾಯೆಸ್ ಎಂಬವನು ತಾನು ಕಂಡದ್ದನ್ನು ಬರೆದಿಟ್ಟ. ಅವನ ನಂತರ ಬಂದ ನೂನಿಜ್ ಎಂಬ ಕುದುರೆ ವ್ಯಾಪಾರಿಯೂ ಬರೆದ. ಇವರಿಬ್ಬರ ಬರಹವನ್ನು ರಾಬರ್ಟ್ ಸೂವೆಲ್ 1900ರಲ್ಲಿ ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ ಮೇಲೆ ಅವು ಎಲ್ಲರಿಗೂ ಸಿಕ್ಕವು.

ಈಗಿನ ಹೊಸಪೇಟೆಯ ಬಳಿ ರಾಯರು ಒಂದು ದೊಡ್ಡ ಕೆರೆ ಕಟ್ಟಿಸುತ್ತಿದ್ದರು. ಅಲ್ಲಿ 15ರಿಂದ 20 ಸಾವಿರ ಜನ ಇರುವೆಗಳ ಹಾಗೆ ದುಡಿಯುವುದನ್ನು ಪಾಯೆಸ್ ಕಣ್ಣಾರೆ ಕಂಡ. ಏರಿ ಎರಡು ಮೂರು ಸಲ ಒಡೆಯಿತು. ದೇವರು ಮುನಿದಿದ್ದಾನೆ, ರಕ್ತ ಕೇಳುತ್ತಾನೆ ಎಂದು ಅರಸನ ಬಳಿ ಇದ್ದವರು ಹೇಳಿದರು. 60 ಮನುಷ್ಯರ ತಲೆ ಕಡಿಸಿದರು. ಜೊತೆಗೆ ಕುದುರೆ, ಎಮ್ಮೆಗಳನ್ನೂ ಬಲಿ ಕೊಟ್ಟರು ಎಂದು ಪಾಯೆಸ್ ಬರೆಯುತ್ತಾನೆ. ಸತ್ತವರು ಮರಣದಂಡನೆಗೆ ಗುರಿಯಾಗಿದ್ದ ಕೈದಿಗಳು ಎಂದು ನೂನಿಜ್ ಹೇಳುತ್ತಾನೆ. ಯಾರಾದರೇನು, 60 ತಾಯಂದಿರ ಮಕ್ಕಳು. ಅವರಲ್ಲಿ ಒಬ್ಬನ ಹೆಸರೂ ನಮಗೆ ಬಂದಿಲ್ಲ.

ಬಸ್ಸಿನಲ್ಲಿ ಈ ಕತೆ ಹೇಳುವಾಗ ಹಿಂದಿನ ಸೀಟಿನಿಂದ ಒಬ್ಬ ಹುಡುಗ, "ಅದು ಹಳೇ ಕಾಲ ಬಿಡ್ರಿ ಸರ್" ಎಂದ. ನಾವು ಅವನಿಗೆ ಆನೆಗೊಂದಿಯ ಸೇತುವೆಯ ಮಾತು ಹೇಳಿದೆವು. ಹಂಪೆಯ ಕಡೆಯಿಂದ ತುಂಗಭದ್ರೆಯ ಆಚೆಗೆ ದಾಟಲು ಕಟ್ಟುತ್ತಿದ್ದ ಸೇತುವೆ 2009ರ ಜನವರಿಯಲ್ಲಿ ಕುಸಿದು, ಅದರ ಮೇಲೆ ಕೆಲಸ ಮಾಡುತ್ತಿದ್ದ ಕಾರ್ಮಿಕರು ಸತ್ತರು. ಆ ಸೇತುವೆ ಪರಂಪರೆಗೆ ಧಕ್ಕೆ ತರುತ್ತದೆಂದು ಯುನೆಸ್ಕೊ ಹಂಪೆಯನ್ನು 1999ರಿಂದ 2006ರವರೆಗೆ ಅಪಾಯದ ಪಟ್ಟಿಯಲ್ಲಿಟ್ಟಿದ್ದು ಬಹಳ ಜನಕ್ಕೆ ಗೊತ್ತು. ಸತ್ತ ಕಾರ್ಮಿಕರ ಹೆಸರು ನಮ್ಮ ಬಸ್ಸಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಕಾಲ ಎಷ್ಟು ಹಳೆಯದು, ಹುಡುಗನೇ ಹೇಳಲಿ.

ಆದರೆ ಅರಸರನ್ನು ಬೈದು ಮುಗಿಸುವುದು ನಮ್ಮ ಉದ್ದೇಶವಲ್ಲ. ನ್ಯಾಯವಾಗಿ ನೋಡಬೇಕು. ಅದೇ ಕೆರೆಯ ವಿಷಯದಲ್ಲಿ ನೂನಿಜ್ ಇನ್ನೊಂದು ಮಾತು ಬರೆದಿದ್ದಾನೆ. ಕೆರೆಯ ನೀರು ಹರಿದ ಮೇಲೆ ರಾಯರು ಆ ಭೂಮಿಯನ್ನು ಜನರಿಗೆ ಕೊಟ್ಟು, ಅವರು ಗದ್ದೆ ತೋಟ ಮಾಡಿಕೊಂಡು ನೆಲೆ ನಿಲ್ಲುವವರೆಗೆ 9 ವರ್ಷ ಏನೂ ತೆಗೆದುಕೊಳ್ಳಲಿಲ್ಲವಂತೆ. ಆಮೇಲೆ ಆ ಭೂಮಿಯಿಂದ ವರ್ಷಕ್ಕೆ 20 ಸಾವಿರ ಪರದಾವ್ ನಾಣ್ಯದಷ್ಟು ಆದಾಯ ಬಂತು. ಜನ ಬೇರು ಬಿಡಲು ಸಮಯ ಬೇಕು, ಬೇರು ಬಿಟ್ಟರೆ ಬೊಕ್ಕಸಕ್ಕೂ ಲಾಭ ಎಂಬುದು ಆ ಕಾಲದ ಅರಸನಿಗೆ ತಿಳಿದಿತ್ತು. ವಾಚಕರು ಈ 9 ವರ್ಷವನ್ನು ನೆನಪಿನಲ್ಲಿಡಬೇಕು. ಮುಂದೆ ಬೇಕಾಗುತ್ತದೆ.

ಕೇಳಿದವರಿಗೆ ಸಿಕ್ಕಿತು

ಸುವರ್ಣಯುಗ, ಮುತ್ತು ರತ್ನಗಳನ್ನು ಬೀದಿಯಲ್ಲಿ ಮಾರುತ್ತಿದ್ದರು ಎನ್ನುವ ಮಾತು ಎಲ್ಲರಿಗೂ ಗೊತ್ತು. 1443ರಲ್ಲಿ ಬಂದ ಪಾರಸಿ ರಾಯಭಾರಿ ಅಬ್ದುರ್ ರಜಾಕ್ ಈ ಬಜಾರುಗಳನ್ನು ಹೊಗಳಿದ್ದಾನೆ. ಅದು ಸುಳ್ಳಲ್ಲ. ಆದರೆ ಬೆಳೆದದ್ದರಲ್ಲಿ ಹತ್ತಕ್ಕೆ ಒಂಬತ್ತು ಪಾಲು ಒಕ್ಕಲಿನವನು ಒಡೆಯನಿಗೆ ಕೊಡಬೇಕಿತ್ತು, ಒಡೆಯ ಅದರಲ್ಲಿ ಅರ್ಧ ಅರಸನಿಗೆ ಕಟ್ಟುತ್ತಿದ್ದ ಎಂದು ನೂನಿಜ್ ಬರೆದದ್ದೂ ಅದೇ ರಾಜ್ಯದ ಮಾತು. ಬಜಾರಿನ ಮುತ್ತು ಎಲ್ಲಿಂದ ಬಂತು ಎಂಬುದಕ್ಕೆ ಈ ಲೆಕ್ಕವೇ ಉತ್ತರ.

ಜನ ಇದನ್ನು ತಲೆ ತಗ್ಗಿಸಿ ಸಹಿಸಿಕೊಂಡರೇ? ಇಲ್ಲ. 1429ರಲ್ಲಿ, ಇಮ್ಮಡಿ ದೇವರಾಯನ ಆಳ್ವಿಕೆಯಲ್ಲಿ, ವಿಜಯನಗರಕ್ಕೆ ಸೇರಿದ್ದ ತಮಿಳು ಸೀಮೆಯಲ್ಲಿ ದುಡಿಯುವ ಜಾತಿಗಳು ಒಂದಾಗಿ ನಿಂತವು. ಬಲಗೈ ಬಣ, ಎಡಗೈ ಬಣ ಎಂದು ಎರಡಾಗಿ ಒಡೆದು ತಮ್ಮ ತಮ್ಮಲ್ಲೇ ಬಡಿದಾಡುತ್ತಿದ್ದವರು ಅವರು. ಅಧಿಕಾರಿಗಳೂ ಭೂಮಾಲಿಕರೂ ಹೇರಿದ ಅನ್ಯಾಯದ ತೆರಿಗೆ ಕೊಡುವುದಿಲ್ಲ, ಸುಲಿಯುವವರಿಗೆ ನಮ್ಮಲ್ಲಿ ಯಾರೂ ಸಹಾಯ ಮಾಡಕೂಡದು ಎಂದು ಕೂಡಿ ನಿರ್ಣಯ ಮಾಡಿ ಗುಡಿಯ ಗೋಡೆಗಳ ಮೇಲೆಯೇ ಕೊರೆಸಿದರು. ಆ ಶಾಸನಗಳು ಇಂದಿಗೂ ಇವೆ. ಗುಡಿಯ ಗೋಡೆ ಅರಸನ ದಾನಕ್ಕೆ ಮಾತ್ರ ಮೀಸಲಾಗಿರಲಿಲ್ಲ ಎಂಬುದನ್ನು ನಮ್ಮ ಸಂಗಾತಿ ಗಮನಿಸಲಿ.

ನಮ್ಮ ನಾಡಿನ ಉದಾಹರಣೆಯೂ ಇದೆ. ಸದಾಶಿವರಾಯನ ಹೆಸರಿನಲ್ಲಿ ಅಳಿಯ ರಾಮರಾಯ ರಾಜ್ಯಭಾರ ಮಾಡುತ್ತಿದ್ದಾಗ, ಬಾದಾಮಿಯ ಕೊಂಡೋಜ ಎಂಬ ಕ್ಷೌರಿಕ ಅವನನ್ನು ಮೆಚ್ಚಿಸಿ, ತನ್ನ ಕಸುಬಿನವರ ಮೇಲಿದ್ದ ತೆರಿಗೆಯನ್ನೂ ಬಿಟ್ಟಿ ಚಾಕರಿಯನ್ನೂ ತೆಗೆಸಿಹಾಕಿದ. ಈ ವಿಷಯದ ಶಾಸನಗಳು ಕನ್ನಡ ಸೀಮೆಯ ಹಲವು ಊರುಗಳಲ್ಲಿ ಸಿಕ್ಕಿವೆ. ತನಗೊಬ್ಬನಿಗೇ ಹೊಲ ಮನೆ ಕೇಳಬಹುದಿತ್ತು. ಕಸುಬಿನವರೆಲ್ಲರ ಪರವಾಗಿ ಕೇಳಿದ. ನಮ್ಮ ಸಂಘದ ಗೋಡೆಯ ಮೇಲೆ ಹಾಕುವ ಪಟಗಳಲ್ಲಿ ಕೊಂಡೋಜನಿಗೂ ಒಂದು ಜಾಗ ಇರಬೇಕು. ಆದರೆ ಅವನ ಪಟ ಬರೆದವರಿಲ್ಲ.

ಖಾಲಿ ಬಜಾರು

ಸಂಜೆ ವಿರೂಪಾಕ್ಷನ ಸನ್ನಿಧಿಗೆ ಬಂದೆವು. ಇದು ಪಾಳು ಗುಡಿಯಲ್ಲ. 1565ರಲ್ಲಿ ರಕ್ಕಸಗಿ ತಂಗಡಗಿಯ ಯುದ್ಧದಲ್ಲಿ ರಾಮರಾಯ ಸತ್ತ ಮೇಲೆ, ಅವನ ತಮ್ಮ ತಿರುಮಲ ಹೆಸರಿಗೆ ಅರಸನಾಗಿದ್ದ ಸದಾಶಿವನನ್ನೂ ಬೊಕ್ಕಸವನ್ನೂ ಆನೆಗಳ ಮೇಲೆ ಹೇರಿಕೊಂಡು ಪೆನುಗೊಂಡೆಯ ಕಡೆಗೆ ಹೊರಟುಹೋದ. ರಾಜಧಾನಿ ಹಾಳಾಯಿತು. ಆದರೂ ಈ ಗುಡಿಯಲ್ಲಿ ದೀಪ ಆರಲಿಲ್ಲ. ಚೈತ್ರದಲ್ಲಿ ಇಂದಿಗೂ ತೇರು ಎಳೆಯುತ್ತಾರೆ. ಅರಸರು ಬಿಟ್ಟುಹೋದ ಊರನ್ನು ಹಿಡಿದುಕೊಂಡಿದ್ದವರು ಸಾಮಾನ್ಯ ಜನ.

ಗೋಪುರದ ಮುಂದೆ ಮುಕ್ಕಾಲು ಕಿಲೋಮೀಟರಿನಷ್ಟು ಉದ್ದಕ್ಕೆ ಬಜಾರು. ಕೊನೆಯಲ್ಲಿ ಎದುರು ಬಸವಣ್ಣ. ಎರಡೂ ಬದಿಗೆ ಸಾಲು ಮಂಟಪ. ಈ ಮಂಟಪಗಳಲ್ಲಿ, ಅವುಗಳ ಆಜುಬಾಜು, ಹತ್ತಾರು ವರ್ಷಗಳಿಂದ ಜನ ಮನೆ ಮಾಡಿಕೊಂಡಿದ್ದರು. ಚಹದ ಅಂಗಡಿ, ಖಾನಾವಳಿ, ಪುಸ್ತಕ, ಬಟ್ಟೆ, ಹೂ ಕಾಯಿ, ಸೈಕಲ್ ಬಾಡಿಗೆ, ಯಾತ್ರಿಕರಿಗೆ ಕೋಣೆ, ಹೀಗೆ ನಡೆಯುತ್ತಿತ್ತು.

2011ರ ಜುಲೈ 29ರಂದು ಬುಲ್ಡೋಜರು ಬಂತು. ಮೊದಲೇ ಸೂಚನೆ ಎಂದು ಒಂದು ದಿನವೂ ತುಂಬಿರಲಿಲ್ಲ. ಮುನ್ನೂರಕ್ಕೂ ಹೆಚ್ಚು ಕುಟುಂಬಗಳು ಮನೆಯನ್ನೂ ಅಂಗಡಿಯನ್ನೂ ಒಟ್ಟಿಗೆ ಕಳೆದುಕೊಂಡವು. ಕಡ್ಡಿರಾಂಪುರದ ಕಡೆ ಜಾಗ ತೋರಿಸಿದರು. ಅಲ್ಲಿ ನೆಲೆ ಆಗುವುದಕ್ಕೆ ವರ್ಷಗಳು ಹಿಡಿದವು.

ಗೋಪುರದ ಹತ್ತಿರ ಎಳನೀರು ಮಾರುತ್ತಿದ್ದ ಒಬ್ಬ ತಾಯಿ ನಮ್ಮ ಹೆಂಗಸರ ಜೊತೆ ಮಾತಿಗೆ ಕೂತರು. ಅವರದ್ದು ಈ ಬಜಾರಿನಲ್ಲೇ ಚಹದ ಅಂಗಡಿ ಇತ್ತಂತೆ. "ಅವತ್ತು ಹಾಲು ಕಾಸಿಟ್ಟಿದ್ದೆ ಅಕ್ಕಾ. ಪಾತ್ರಿ ತಕ್ಕೊಳ್ಳಾಕೂ ಬಿಡಲಿಲ್ಲ. ಪಂಚಾಯತಿಗೆ ಕಂದಾಯ ಕಟ್ಟಿದ ಚೀಟಿ ತೋರಿಸಿದ್ರ, ಅದು ಬ್ಯಾರೆ ಇದು ಬ್ಯಾರೆ ಅಂದ್ರು" ಎಂದರು. ಅಳಲಿಲ್ಲ. ಎಳನೀರು ಕೊಚ್ಚುತ್ತಲೇ ಹೇಳಿದರು. ಅವರು ಈಗ ದಿನಾ ಬೆಳಿಗ್ಗೆ ಬರುತ್ತಾರೆ, ಸಂಜೆ ಹೋಗುತ್ತಾರೆ. ಕಾವಲಿನವರು ಎದ್ದೇಳು ಎಂದರೆ ಎದ್ದೇಳುತ್ತಾರೆ.

ಇಲ್ಲಿ ಆ 9 ವರ್ಷ ನೆನೆಯಿರಿ. ಜನ ನೆಲೆ ನಿಲ್ಲಲಿ ಎಂದು ಐದು ನೂರು ವರ್ಷದ ಹಿಂದಿನ ಅರಸ ಕೊಟ್ಟದ್ದು 9 ವರ್ಷ. ನೆಲೆ ನಿಂತವರು ಏಳಲಿ ಎಂದು ಜನರೇ ಆರಿಸಿದ ಸರ್ಕಾರ ಕೊಟ್ಟದ್ದು ಒಂದು ರಾತ್ರಿ.

ಎದುರು ವಾದ

ಬಸ್ಸಿನಲ್ಲಿ ಹಿಂದಿರುಗುವಾಗ ಇದರ ಮೇಲೆ ದೊಡ್ಡ ಚರ್ಚೆ ನಡೆಯಿತು. ನಮ್ಮ ಬಟ್ಟೆ ಅಂಗಡಿಯ ಯಜಮಾನರು ನೇರವಾಗಿ ಮಾತಾಡುವವರು. "ಮೇಷ್ಟ್ರೇ, ಒಂದು ಕಡೆಯದ್ದೇ ಹೇಳಬೇಡಿ. ಐದು ನೂರು ವರ್ಷದ ಮಂಟಪಕ್ಕೆ ಸಿಮೆಂಟು ಹಚ್ಚಿ, ಗೋಡೆ ಎಬ್ಬಿಸಿ, ಪಾಯಿಖಾನೆ ಕಟ್ಟಿದರೆ ಸುಮ್ಮನಿರಬೇಕೇ? ಹೈಕೋರ್ಟಿನ ಆದೇಶ ಇತ್ತಲ್ಲ?" ಎಂದರು.

ಅವರ ಮಾತಿನಲ್ಲಿ ಸತ್ಯವಿದೆ. ಅದನ್ನು ಮುಚ್ಚಿಡುವುದಿಲ್ಲ. ನ್ಯಾಯಾಲಯದ ಆದೇಶ ಇತ್ತು. ಹಂಪೆಯ ಸ್ಮಾರಕಗಳು 1986ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ, 2002ರಲ್ಲಿ ಅದರ ನಿರ್ವಹಣೆಗೆಂದೇ ಪ್ರತ್ಯೇಕ ಕಾಯಿದೆಯಾಗಿದೆ. ಮಂಟಪಗಳಿಗೆ ಹಾನಿಯೂ ಆಗಿತ್ತು. ಅಂಗಡಿಯವರೆಲ್ಲರೂ ಬಡವರಾಗಿರಲಿಲ್ಲ, ಒಂದರ ಮೇಲೊಂದು ಅಂತಸ್ತು ಏರಿಸಿದವರೂ ಇದ್ದರು.

ಆದರೆ ನಮ್ಮ ಪ್ರಶ್ನೆ ಬೇರೆ. ತೆರವು ಮಾಡಬೇಕೇ ಬೇಡವೇ ಎಂಬುದು ಒಂದು ಮಾತು. ಹೇಗೆ ಮಾಡಬೇಕು ಎಂಬುದು ಇನ್ನೊಂದು. ಹೊಳೆಯ ಆಚೆ ವಿರೂಪಾಪುರ ಗಡ್ಡೆಯಲ್ಲಿ ರೆಸಾರ್ಟುಗಳಿದ್ದವು. ಅವರೂ ಕಾನೂನು ಮೀರಿ ಕಟ್ಟಿದವರೇ. ಅವರ ಮೊಕದ್ದಮೆ ವರ್ಷಗಟ್ಟಲೆ ನಡೆದು ಸುಪ್ರೀಂ ಕೋರ್ಟಿನವರೆಗೆ ಹೋಗಿ, 2020ರಲ್ಲಿ ತೀರ್ಪಾದ ಮೇಲೆ ಕಟ್ಟಡಗಳನ್ನು ಕೆಡವಿದರು. ವಕೀಲರನ್ನು ಇಡುವ ಶಕ್ತಿ ಇದ್ದವರಿಗೆ ವರ್ಷಗಳ ವಾಯಿದೆ. ಚಹ ಮಾರುವವಳಿಗೆ ಹಾಲು ಇಳಿಸುವಷ್ಟೂ ವಾಯಿದೆ ಇಲ್ಲ. ಕಾನೂನು ಇಬ್ಬರಿಗೂ ಒಂದೇ ಎಂದು ನಾವು ಹೇಗೆ ನಂಬೋಣ?

ಇನ್ನೂ ಒಂದು ಮಾತು. ಕಲ್ಲು ಉಳಿಯಲಿ ಎಂದು ತಾನೇ ಜನರನ್ನು ಎಬ್ಬಿಸಿದ್ದು? 2024ರ ಮೇ ತಿಂಗಳ ಮಳೆಗೆ ಅದೇ ಬಜಾರಿನ ಸಾಲು ಮಂಟಪದ ಒಂದು ಭಾಗ ಕುಸಿದು ಬಿತ್ತು. ಜನ ಇದ್ದಿದ್ದರೆ ಬೀಳುತ್ತಿರಲಿಲ್ಲ ಎಂದು ನಾವು ಆಣೆ ಮಾಡುವುದಿಲ್ಲ. ಆದರೆ ಸೋರುವ ಮಾಡನ್ನು ಮೊದಲು ಕಾಣುವವನು ಅದರ ಕೆಳಗೆ ಮಲಗುವವನು. ಅವನನ್ನು ಹೊರಗೆ ಹಾಕಿದ ಮೇಲೆ ಆ ಕಣ್ಣಿನ ಕೆಲಸ ಇನ್ನೊಬ್ಬರು ಮಾಡಬೇಕು. ಮಾಡಿದರೇ?

ಹಂಪೆಯ ಸುತ್ತ ತುರ್ತು ಕಾಲುವೆ ಹರಿಯುತ್ತದೆ. ವಿಜಯನಗರದವರು ಕಟ್ಟಿದ್ದು. ಇಂದಿಗೂ ಬಾಳೆ ತೋಟಗಳಿಗೆ ನೀರು ಕೊಡುತ್ತದೆ. ಅದು ಹೇಗೆ ಉಳಿಯಿತು? ಗದ್ದೆಯವರು ವರ್ಷಾವರ್ಷ ಹೂಳು ತೆಗೆದು ನೀರು ಹರಿಸಿಕೊಂಡರು. ಅರಮನೆಗಳಲ್ಲಿ ಈಗ ತಳಪಾಯ ಮಾತ್ರ ಉಳಿದಿದೆ, ಕಾಲುವೆಯಲ್ಲಿ ನೀರೇ ಹರಿಯುತ್ತಿದೆ. ಜನರ ಬಳಕೆಯಲ್ಲಿರುವುದು ಉಳಿಯುತ್ತದೆ. ಪರಂಪರೆಯ ಅಧಿಕಾರಿಗಳಿಗೆ ಇದಕ್ಕಿಂತ ದೊಡ್ಡ ಪಾಠ ಹಂಪೆಯಲ್ಲಿ ಬೇರೆ ಇಲ್ಲ.

ಏನಾಗಬೇಕು

ಬರೀ ದೂರುವುದರಿಂದ ಪ್ರಯೋಜನವಿಲ್ಲ. ನಮ್ಮ ಬೇಡಿಕೆಗಳನ್ನು ಸ್ಪಷ್ಟವಾಗಿ ಹೇಳುತ್ತೇವೆ.

ಒಂದು, ಬಜಾರಿನಿಂದ ಎದ್ದ ಕುಟುಂಬಗಳಿಗೆ ಮನೆಯಷ್ಟೇ ಸಾಲದು, ವ್ಯಾಪಾರದ ಜಾಗವೂ ಬೇಕು. ಯಾತ್ರಿಕರು ನಡೆಯುವ ದಾರಿಯಲ್ಲಿ, ಸ್ಮಾರಕಕ್ಕೆ ತಾಕದಂತೆ, ಮರ ತಗಡಿನ ಎತ್ತಿಡಬಹುದಾದ ಮಳಿಗೆ ಕೊಟ್ಟರೆ ಯಾವ ಕಂಬಕ್ಕೂ ನೋವಾಗುವುದಿಲ್ಲ. ವಿಜಯನಗರದಲ್ಲಿ ದೊಡ್ಡ ಗುಡಿಗಳ ಮುಂದೆಲ್ಲ ಬಜಾರು ಇತ್ತು. ಬಜಾರಿಲ್ಲದ ಹಂಪೆಯೇ ಚರಿತ್ರೆಗೆ ವಿರುದ್ಧ.

ಎರಡು, ಸ್ಮಾರಕಗಳ ಕಾವಲು, ರಿಪೇರಿ, ತೋಟ, ಕಸ ಎತ್ತುವ ಕೆಲಸಗಳಲ್ಲಿ ಸುತ್ತಲ ಹಳ್ಳಿಯವರಿಗೆ ಮೊದಲ ಹಕ್ಕು ಇರಬೇಕು. ಗುತ್ತಿಗೆಯವನ ಮರ್ಜಿಯ ಕೂಲಿಯಲ್ಲ, ಕಾನೂನು ಹೇಳಿದ ಕೂಲಿ, ಹಾಜರಿ ಪುಸ್ತಕದೊಂದಿಗೆ.

ಮೂರು, ಎಲ್ಲಿಯೇ ಆಗಲಿ, ಮೊದಲು ಬದಲಿ ಜಾಗ, ಆಮೇಲೆ ತೆರವು.

ನಾಲ್ಕು, ಆ ಬೆಣೆಯ ಕುಳಿಗಳ ಮುಂದೆ, ಪುಷ್ಕರಣಿಯ ಕಲ್ಲಿನ ಗುರುತುಗಳ ಮುಂದೆ ಕನ್ನಡದಲ್ಲಿ ಒಂದೊಂದು ಫಲಕ ಇರಲಿ. ಕಟ್ಟಿಸಿದವನ ಹೆಸರಿನ ಪಕ್ಕದಲ್ಲಿ ಕಟ್ಟಿದವರ ಕೆಲಸವೂ ಕಾಣಲಿ. ಇದಕ್ಕೆ ದೊಡ್ಡ ಖರ್ಚೇನೂ ಬೀಳುವುದಿಲ್ಲ.

ನಮ್ಮ ಪೇಟೆಯ ವಾಚಕರಿಗೆ ಒಂದು ಮಾತು. ಇದು ಹಂಪೆಯವರ ಪಾಡು, ನಮಗೇನು ಎನ್ನಬೇಡಿ. ರಸ್ತೆ ಅಗಲ ಮಾಡುವುದು, ಊರು ಚೆಂದ ಮಾಡುವುದು ಎಂದರೆ ಮೊದಲು ಎದ್ದೇಳಬೇಕಾದವರು ತಳ್ಳುಗಾಡಿಯವರು, ಫುಟ್‌ಪಾತಿನವರು, ಆಮೇಲೆ ಬಾಡಿಗೆ ಅಂಗಡಿಯವರು. 2014ರಲ್ಲಿ ಬೀದಿ ಬದಿ ವ್ಯಾಪಾರಿಗಳ ಕಾಯಿದೆ ಬಂದಿದೆ. ಸಮೀಕ್ಷೆ ಮುಗಿಯುವವರೆಗೆ ಎಬ್ಬಿಸಕೂಡದು, ಎಬ್ಬಿಸುವುದಾದರೆ 30 ದಿನದ ನೋಟೀಸು ಕೊಡಬೇಕು ಎಂದು ಅದರಲ್ಲಿದೆ. ನಿಮ್ಮ ಗುರುತಿನ ಚೀಟಿ ಮಾಡಿಸಿಕೊಂಡಿದ್ದೀರಾ? ಸಮೀಕ್ಷೆಯಲ್ಲಿ ಹೆಸರು ಬರೆಸಿದ್ದೀರಾ? ಇಲ್ಲದಿದ್ದರೆ ಈ ವಾರವೇ ಕಚೇರಿಗೆ ಬನ್ನಿ. ಅರ್ಜಿ ಬರೆದುಕೊಡುತ್ತೇವೆ. 1429ರಲ್ಲಿ ಎರಡು ಬಣದವರು ಒಂದಾದರು, ಕೊಂಡೋಜ ಕಸುಬಿನವರೆಲ್ಲರ ಪರವಾಗಿ ಬಾಯಿ ಬಿಟ್ಟ. ಗಿರಣಿಯವರೂ ಅಂಗಡಿಯವರೂ ಬೇರೆ ಬೇರೆ ಬೆಂಚಿನಲ್ಲಿ ಕೂತಿದ್ದರೆ ಇಬ್ಬರಿಗೂ ಆ ಒಂದು ರಾತ್ರಿಯೇ ಗತಿ.

ಕೊನೆಗೆ ನಮ್ಮ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. 2011ರ ಆ ಸುದ್ದಿಯನ್ನು ನಾವು ಅಂದೇ ಪತ್ರಿಕೆಯಲ್ಲಿ ಓದಿದ್ದೆವು. ಪಾಪ ಎಂದು ಪುಟ ಮಗುಚಿದೆವು. ಹೋಗಿ ನೋಡಲಿಲ್ಲ, ಒಂದು ಠರಾವು ಬರೆಯಲಿಲ್ಲ. ಬಸ್ಸಿಗೆ ಕೆಲವೇ ಗಂಟೆಯ ದಾರಿ. ಎಳನೀರಿನ ಆ ತಾಯಿ, "ಆವಾಗ ನೀವು ಎಲ್ಲಿದ್ರಿ?" ಎಂದು ಕೇಳಲಿಲ್ಲ. ಕೇಳಿದ್ದರೆ ನಮ್ಮಲ್ಲಿ ಉತ್ತರ ಇರಲಿಲ್ಲ.

ಸಮಾಜವಾದಿಗಳಿಗೆ ಪಾಳು ಗುಡಿಗಳಲ್ಲಿ ಏನು ಕೆಲಸ ಎಂದು ಕೇಳಿದ ಸಂಗಾತಿಗೆ ಉತ್ತರ ಇದೇ. ಕೆಲಸ ಇದೆ, ತಡವಾಗಿ ಹೋದೆವು. ಬರುವ ತಿಂಗಳು ಇನ್ನೊಂದು ಬಸ್ಸು ಹೊರಡುತ್ತದೆ. ಈ ಸಲ ಕಡ್ಡಿರಾಂಪುರಕ್ಕೂ ಹೋಗಿ, ಅಲ್ಲಿಯವರ ಜೊತೆ ಕೂತು, ಅವರ ಅರ್ಜಿಯ ಮೇಲೆ ನಮ್ಮ ಸಂಘದ ಸಹಿಯನ್ನೂ ಹಾಕಿ ಬರಬೇಕೆಂದು ನಿಶ್ಚಯಿಸಿದ್ದೇವೆ. ಬರುವವರು ಹೆಸರು ಕೊಡಿರಿ. ಸಂಗಾತಿಯವರಿಗೆ ಮುಂದಿನ ಸೀಟು ಕಾದಿರಿಸಿದ್ದೇವೆ.